ಸೋಡಾ ವ್ಯಾನಿನಲ್ಲಿ ಕಡಲಿಗೆ

ಮೊನ್ನೆ ಮೊಮ್ಮಗಳ ಮದುವೆಯ ಚಪ್ಪರದ ವಿಚಾರ ಮಾತಾಡಲು ಮೆಲ್ಕಾರಿಗೆ ಹೋಗಿದ್ದೆ. ಶಾಮಿಯಾನದ ಅಂಗಡಿಯವನು ತೋರಿಸಲಿಕ್ಕೆಂದು ಒಂದು ಹಳೆಯ ಟರ್ಪಾಲನ್ನು ಬಿಸಿಲಿಗೆ ಬಿಡಿಸಿ ಹಾಸಿದ. ಕಾದ ಮೇಣ, ಸೀಮೆಎಣ್ಣೆ, ಯಾವುದೋ ವರ್ಷದ ಬೂಷ್ಟು, ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ನಾನು ಕೇಳಲು ಬಂದದ್ದನ್ನು ಮರೆತು ಅಲ್ಲೇ ನಿಂತುಬಿಟ್ಟೆ.

"ಎಂತ ಅಮ್ಮ, ತಲೆ ತಿರುಗ್ತದಾ? ಕೂತ್ಕೊಳ್ಳಿ," ಎಂದು ಅವನು ಸ್ಟೂಲು ಎಳೆದ.

"ಇಲ್ಲ ಮಾರಾಯ, ಕಡಲು ನೆನಪಾಯ್ತು," ಎಂದೆ.

ಅವನು ಹೆದ್ದಾರಿಯ ಕಡೆ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ಜತೆಗೆ ಬಂದಿದ್ದ ನನ್ನ ಮಗನ ಮುಖ ನೋಡಿದ. ಕಡಲಿನ ಸುಳಿವೇ ಇಲ್ಲದ ಮೆಲ್ಕಾರಿನಲ್ಲಿ ನಿಂತು ಕಡಲು ನೆನೆಯುವ ಮುದುಕಿಯ ಹತ್ತಿರ ಮದುವೆಯ ಮಾತು ಮುಂದುವರಿಸುವುದು ಸರಿಯೇ ಎಂಬ ಅನುಮಾನ ಅವನಿಗೆ ಬಂದಿರಬೇಕು.

ಆ ಕಡಲಿಗೆ ನಾವು ಹೋದದ್ದು ಐವತ್ತರ ದಶಕ ಮುಗಿಯುತ್ತಿದ್ದ ಒಂದು ಮೇ ತಿಂಗಳಲ್ಲಿ. ನನಗೆ ಹನ್ನೊಂದು ವರ್ಷ, ತಮ್ಮ ಉಮೇಶನಿಗೆ ಆರು. ಅಪ್ಪನಿಗೆ ಮೂಡುಬಿದಿರೆಯಲ್ಲಿ ಗೋಲಿ ಸೋಡಾದ ಕಾರ್ಖಾನೆ. ಕಾರ್ಖಾನೆ ಎಂದರೆ ಮನೆಯ ಹಿಂದಿನ ಮಾಡಿನ ಕೆಳಗೆ ಕೈಯಲ್ಲಿ ತಿರುಗಿಸುವ ಒಂದು ಮೆಷಿನು, ಗ್ಯಾಸಿನ ಒಂದು ಸಿಲಿಂಡರು, ನೀರಿನ ಎರಡು ಹಂಡೆ. ಅಂಗಡಿಗಳಿಗೆ ಸೋಡಾ ಹಾಕಲು ಮರದ ಮೈಯ ಒಂದು ಹಳೆಯ ವ್ಯಾನು. ಅದು ಬರುವುದನ್ನು ಊರಿನವರು ನೋಡಿ ತಿಳಿಯಬೇಕಾಗಿರಲಿಲ್ಲ. ಒಳಗೆ ಬಾಟ್ಲಿಗಳು ಮಾಡುವ ಗಲಾಟೆ ಅರ್ಧ ಮೈಲಿ ಮೊದಲೇ ಬರುತ್ತಿತ್ತು.

ಯುದ್ಧದ ಕಾಲದಲ್ಲಿ ಅಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸಿದವರು. ಬಿಟ್ಟು ಬರುವಾಗ ಒಂದು ಡೇರೆ ಅವರ ಜತೆಗೆ ಊರಿಗೆ ಬಂದಿತ್ತು. ಹೇಗೆ ಬಂತು ಎಂದು ಅಮ್ಮ ಕೇಳಿದಾಗಲೆಲ್ಲ ಅಪ್ಪನಿಗೆ ಕೆಮ್ಮು ಬರುತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಮನೆಯೊಳಗೆ ಏನೋ ನಡೆಯುತ್ತಿತ್ತು. ಏನೆಂದು ನನಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಅಮ್ಮನ ತವರುಮನೆ ಗುರುವಾಯನಕೆರೆಯಿಂದ ಆಚೆ, ಬೆಳ್ತಂಗಡಿಯ ಕಡೆಗೆ. ನಮ್ಮದು ಅಳಿಯಕಟ್ಟು, ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ, ಮಕ್ಕಳು ತಾಯಿಯ ಮನೆಗೆ ಸೇರಿದವರು. ಆ ದೊಡ್ಡ ಮನೆಗೆ ಉಳಿದಿದ್ದ ಹೆಣ್ಣು ಅಮ್ಮ ಒಬ್ಬಳೇ. ಅಮ್ಮನ ಸೋದರಮಾವ, ನಾವು ಅಜ್ಜ ಎಂದು ಕರೆಯುತ್ತಿದ್ದವರು, ಆ ಮನೆಯ ಯಜಮಾನರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವರು ಅವರೇ. ಈಗ ಅವರಿಗೆ ಕಣ್ಣು ಮಂಜಾಗಿತ್ತು. ಮಳೆಗಾಲಕ್ಕೆ ಮೊದಲು ಮಕ್ಕಳನ್ನು ಕರೆದುಕೊಂಡು ಬಾ, ದೈವದ ಕೋಣೆಯ ದೀಪ ಇನ್ನು ನೀನೇ ನೋಡಿಕೊಳ್ಳಬೇಕು ಎಂದು ಕಾಗದ ಬರೆಸಿದ್ದರು.

ಅಮ್ಮ ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಅನ್ನಲಿಲ್ಲ. ಅಪ್ಪ ಹೆಂಡತಿಯ ಮನೆಯಲ್ಲಿ ಹೋಗಿ ಕೂರುವ ಜನ ಅಲ್ಲ. ಆದರೆ ಅವರೂ ಬಾಯಿ ಬಿಡಲಿಲ್ಲ. ಒಂದೇ ವಾರದಲ್ಲಿ ಅಪ್ಪ ನಮ್ಮ ಶಾಲೆಗೆ ಹೋಗಿ ಆರನೆಯ ಕ್ಲಾಸಿಗೆ ನನ್ನ ಹೆಸರು ಬರೆಸಿ ಬಂದರು. ಅಮ್ಮ ಹೋಗಿ ಟೀಸಿ ಕೇಳಿ ಬಂದರು. ಹೆಡ್‌ಮಾಸ್ಟರರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ನೀನು ಬರ್ತೀಯೋ, ಹೋಗ್ತೀಯೋ?" ಎಂದು ಕೇಳಿದರು. ಗೊತ್ತಿಲ್ಲ ಸರ್ ಎಂದೆ. ಅದು ನಿಜ. ಶಾಲೆ ಶುರುವಾಗುವಾಗ ನಾವು ಯಾವ ಮನೆಯಲ್ಲಿ ಇರುತ್ತೇವೆ, ಅಲ್ಲಿ ಅಪ್ಪ ಇರುತ್ತಾರೋ ಇಲ್ಲವೋ, ಆ ಮೇ ತಿಂಗಳಿಡೀ ನನ್ನ ತಲೆಯಲ್ಲಿ ಇದೊಂದೇ.

ಅಂಥ ಹೊತ್ತಿನಲ್ಲಿ ಅಪ್ಪ ಒಂದು ಬೆಳಿಗ್ಗೆ ಎದ್ದು, "ಕಡಲಿಗೆ ಹೋಗುವ," ಎಂದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಕಡಲಿನ ಹತ್ತಿರ ಯಾರ ಮನೆ ಉಂಟು ನಮಗೆ?" ಅಮ್ಮ ಕೇಳಿದರು.

"ಯಾರ ಮನೆಯೂ ಬೇಡ. ಡೇರೆ ಉಂಟಲ್ಲ. ಕುಂದಾಪುರದಿಂದ ಆಚೆ ಮನುಷ್ಯರೇ ಇಲ್ಲದ ಕಡಲು ಉಂಟು. ಅಲ್ಲಿ ನಾಲ್ಕು ದಿನ ಇರುವ."

"ಮನುಷ್ಯರಿಲ್ಲದ ಕಡೆ ಇರ್ಲಿಕ್ಕೆ ನಾವೆಂತ ನರಿಗಳಾ?"

ಆದರೂ ಅಮ್ಮ ಒಪ್ಪಿದರು. ಹಿಂದಿನ ವರ್ಷ ಉಮೇಶನಿಗೆ ಟೈಫಾಯ್ಡ್ ಬಂದಾಗ, ಆ ಕಡೆಯ ಕಡಲ ಬದಿಯ ಒಂದು ದೇವಸ್ಥಾನಕ್ಕೆ ಹರಕೆ ಹೇಳಿಕೊಂಡದ್ದು ಹಾಗೆಯೇ ಉಳಿದಿತ್ತು.

ವ್ಯಾನಿನಿಂದ ಬಾಟ್ಲಿಯ ಪೆಟ್ಟಿಗೆಗಳನ್ನು ಇಳಿಸಿ ಚಾಪೆ, ಅಕ್ಕಿ, ಉಪ್ಪಿನಕಾಯಿಯ ಭರಣಿ, ಡೇರೆ, ನಮ್ಮನ್ನು ತುಂಬಿಸಿದರು. ಒಂದು ಪೆಟ್ಟಿಗೆ ಸೋಡಾ ಮಾತ್ರ ಉಳಿಯಿತು. "ಕಡಲಿನ ನೀರು ಕುಡೀಲಿಕ್ಕೆ ಆಗುವುದಿಲ್ಲ," ಎಂದರು ಅಪ್ಪ. ಕಾರ್ಕಳ ದಾಟಿ, ಉಡುಪಿ ದಾಟಿ, ಮೊದಲ ದಿನ ಕುಂದಾಪುರದಿಂದ ಸ್ವಲ್ಪ ಈಚೆಗೇ ಗಾಳಿಮರಗಳ ಕೆಳಗೆ ಡೇರೆ ಹಾಕಿದೆವು. ನಾನು ಅಷ್ಟರವರೆಗೆ ಕಡಲು ನೋಡಿರಲಿಲ್ಲ. ಮೂಡುಬಿದಿರೆಯ ಕೆರೆಗಳ ಹಾಗೆ ಅದಕ್ಕೂ ಒಂದು ಕಟ್ಟೆ ಇರುತ್ತದೆ, ಅಲ್ಲಿಯವರೆಗೆ ನೀರು ಎಂದುಕೊಂಡಿದ್ದೆ. ಮರಳಿನಲ್ಲಿ ಪಾತ್ರೆ ಇಟ್ಟು ಈಚೆ ಬರುವುದರೊಳಗೆ ನೀರು ಬಂದು ತೆಗೆದುಕೊಂಡು ಹೋಯಿತು. "ಹತ್ತು ಮಾರು ದೂರ ಇತ್ತಲ್ಲ!" ಎಂದು ನಾನು ಅತ್ತೆ. ಅಪ್ಪ ಚಡ್ಡಿಯಲ್ಲೇ ಅಲೆಯೊಳಗೆ ಹಾರಿ ಪಾತ್ರೆ ತಂದರು. ಅಮ್ಮ ನಕ್ಕರು. ಸಂಜೆ ಬೆಸ್ತರ ಹೆಂಗಸೊಬ್ಬಳ ಹತ್ತಿರ ಕಾಣೆ ಮೀನು ತೆಗೆದುಕೊಂಡು ಮೂರು ಕಲ್ಲಿನ ಒಲೆಯಲ್ಲಿ ಸಾರು ಮಾಡಿದರು. ಅಪ್ಪ ನಾಲ್ಕು ಸಲ ಬಡಿಸಿಕೊಂಡು ಉಂಡರು. ಅಮ್ಮನೂ ಅಪ್ಪನೂ ಒಂದೇ ಬಾಟ್ಲಿಯ ಸೋಡಾ ಕುಡಿದದ್ದನ್ನು ನಾನು ಆ ಸಂಜೆ ಮೊದಲ ಸಲ ನೋಡಿದ್ದು.

ಮರುದಿನ ಹೊಳೆಯ ದಡಕ್ಕೆ ಬಂದೆವು. ಆಗ ಸೇತುವೆಯಿಲ್ಲ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್‌ನಲ್ಲಿ ಗಾಡಿಗಳನ್ನು ದಾಟಿಸುತ್ತಿದ್ದರು. ನಮ್ಮ ವ್ಯಾನು ಜಂಗಲ್ ಹತ್ತಿ ನಿಂತಿತ್ತು, ಇನ್ನೊಂದು ಕಾರಿಗೆ ಕಾಯುತ್ತಿದ್ದರು. ದಡದಲ್ಲಿ ಮದುವೆ ದಿಬ್ಬಣದ ಬಸ್ಸೊಂದು ನಿಂತಿತ್ತು. ಅದರ ಡ್ರೈವರ್ ಬೆಳ್ತಂಗಡಿಯ ಪದ್ದಣ್ಣ, ಅಪ್ಪನ ಹಳೆಯ ಪರಿಚಯ. ಅಪ್ಪನನ್ನು ಕಂಡವನೇ ಓಡಿ ಬಂದು ಬದಿಗೆ ಕರೆದುಕೊಂಡು ಹೋದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅಪ್ಪ ಟೊಪ್ಪಿ ತೆಗೆದದ್ದು ಕಂಡಿತು. ತೆಗೆದ ಟೊಪ್ಪಿಯನ್ನು ಮತ್ತೆ ಇಟ್ಟುಕೊಂಡು, ಮತ್ತೆ ತೆಗೆದರು. ಪದ್ದಣ್ಣ ವ್ಯಾನಿನ ಕಡೆ ಕೈ ತೋರಿಸಿ ಏನೋ ಅವಸರ ಮಾಡುತ್ತಿದ್ದ. ಅಷ್ಟರಲ್ಲಿ ಜಂಗಲ್‌ನವರು ಕೂಗಿದರು. ಅಪ್ಪ ನಡೆದುಕೊಂಡು ಬಂದು ಹಲಗೆ ಹತ್ತಿದರು.

"ಎಂತಂತೆ ಪದ್ದಣ್ಣನಿಗೆ?" ಅಮ್ಮ ಕೇಳಿದರು.

"ಎಂತ ಇಲ್ಲ. ಬಸ್ಸಿನ ಸ್ಪ್ರಿಂಗ್ ಹೋಯ್ತಂತೆ."

ದಡದಲ್ಲಿ ಪದ್ದಣ್ಣ ಸೊಂಟಕ್ಕೆ ಕೈಯಿಟ್ಟು, ನಾವು ನಡುಹೊಳೆಗೆ ಬರುವವರೆಗೂ ನೋಡುತ್ತಲೇ ನಿಂತಿದ್ದ. ಸ್ಪ್ರಿಂಗ್ ಹೋದವರು ಹಾಗೆ ನೋಡುತ್ತಾರೆಯೇ ಎಂದು ನನಗೆ ಗೊತ್ತಾಗಲಿಲ್ಲ.

ಆಚೆಯ ಕಡಲು ಅಪ್ಪ ಹೇಳಿದ ಹಾಗೆಯೇ ಇತ್ತು. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು, ನಡುವೆ ದಾರಿ. ಮೈಲಿಗಟ್ಟಲೆ ಮನೆಯಿಲ್ಲ. ಆದರೆ ಅಪ್ಪ ಬೇರೆಯವರಾಗಿದ್ದರು. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನಮಗೆ ತೆಗೆದುಕೊಟ್ಟರು: ಮಾವಿನಹಣ್ಣು, ಎಳನೀರಿನ ಬೊಂಡ, ಉಮೇಶನಿಗೆ ಪೀಪಿ, ನನಗೆ ಎರಡು ಬಗೆಯ ರಿಬ್ಬನ್ನು. ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಮೀನಿನ ಬುಟ್ಟಿಯ ಹೆಂಗಸು ಡೇರೆಯ ಹತ್ತಿರ ಬಂದಾಗ, "ಬೇಡ, ಬೇಡ, ಮುಂದೆ ಹೋಗು," ಎಂದು ದೂರದಿಂದಲೇ ಅಟ್ಟಿದರು.

"ಮೀನು ಬೇಡವಾ? ನಿಮಗಾ?" ಅಮ್ಮ ಅವರ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ."

"ಹೊಟ್ಟೆ ಸರಿ ಇಲ್ಲ."

"ನಿಮ್ಮ ಹೊಟ್ಟೆ ಸರಿ ಇಲ್ಲದಿದ್ರೆ ನಾವು ತಿನ್ನಬಾರದಾ?"

"ಯಾರಿಗೂ ಬೇಡ ಅಂದೆನಲ್ಲ ಲೀಲಾ!"

ಅಪ್ಪ ಅಮ್ಮನ ಮೇಲೆ ಸ್ವರ ಏರಿಸಿದ್ದು ನಾನು ಅದುವರೆಗೆ ಕೇಳಿರಲಿಲ್ಲ. ಆ ದಿನವೂ ಮರುದಿನವೂ ಗಂಜಿ, ಉಪ್ಪಿನಕಾಯಿ. ಕಡಲ ಬದಿಯಲ್ಲಿ ಕೂತು ಮಾವಿನ ಮಿಡಿ ತಿನ್ನುವುದೆಂದರೆ ಏನು ಎಂದು ಅಮ್ಮ ಗೊಣಗಿದರು. ನಾನು ತಪ್ಪು ಮಾಡಿದ್ದೇನೆಯೇ ಎಂದು ಯೋಚಿಸಿದೆ. ಪಾತ್ರೆಯ ವಿಷಯ ಬಿಟ್ಟರೆ ಬೇರೇನೂ ನೆನಪಾಗಲಿಲ್ಲ.

ಹೊರಟ ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಬೇಗ ಮಿಂದು, ಪೆಟ್ಟಿಗೆಯಿಂದ ಹಸಿರು ರೇಷ್ಮೆಯ ಪಟ್ಟೆ ಸೀರೆ ತೆಗೆದು ಉಟ್ಟರು. ಹರಕೆಯ ತೆಂಗಿನಕಾಯಿ ಕೈಗೆತ್ತಿಕೊಂಡು, "ದೇವಸ್ಥಾನಕ್ಕೆ ಹೋಗಿ ಬರುವ," ಎಂದರು.

ಅಪ್ಪ ವ್ಯಾನಿನ ಕೆಳಗೆ ಮಲಗಿದ್ದರು. ಅಲ್ಲಿಂದಲೇ, "ಇವತ್ತು ಬೇಡ. ಗಾಡಿಯಲ್ಲಿ ಎಣ್ಣೆ ಸೋರ್ತದೆ," ಎಂದರು.

"ಗಾಡಿ ಎಂತಕ್ಕೆ? ಗೋಪುರ ಇಲ್ಲಿಂದಲೇ ಕಾಣ್ತದೆ. ನಡೆದು ಹೋಗುವುದು."

"ಬಿಸಿಲು ಉಂಟು."

"ಏಳು ಗಂಟೆಗೆ ಎಂಥ ಬಿಸಿಲು? ನೀವು ಬೇಕಾದ್ರೆ ಬನ್ನಿ, ಬೇಡದಿದ್ರೆ ಗಾಡಿಯ ಕೆಳಗೆ ಮಲಗಿ." ಅಮ್ಮ ನಮ್ಮಿಬ್ಬರ ಕೈ ಹಿಡಿದು ಹೊರಟೇಬಿಟ್ಟರು.

ದೇವಸ್ಥಾನದ ಅಂಗಳದವರೆಗೆ ಬಂದಿದ್ದೆವು. ಮೆಟ್ಟಿಲಿಗೆ ಇನ್ನು ಹತ್ತು ಹೆಜ್ಜೆ. ಹಿಂದಿನಿಂದ ಅಪ್ಪ ಮರಳಿನಲ್ಲಿ ಎಡವಿ ಬೀಳುತ್ತ ಓಡಿ ಬಂದರು. "ಲೀಲಾ, ನಿಲ್ಲು! ಒಳಗೆ ಹೋಗ್ಬೇಡ!"

ಹೂ ಮಾರುವವಳು ತಿರುಗಿ ನೋಡಿದಳು. ಅಮ್ಮನ ಮುಖ ಕೆಂಪಾಯಿತು.

"ನೀನು ಇಲ್ಲೇ ಇರು. ಮಕ್ಕಳೂ ಇಲ್ಲೇ ಇರಲಿ. ನಾನು ಹೋಗಿ ಕೊಟ್ಟು ಬರ್ತೇನೆ," ಎಂದರು ಅಪ್ಪ. ಅಮ್ಮ ತಮ್ಮ ಕೈಯ ಕಾಯಿಯನ್ನು ಮುಂದೆ ಹಿಡಿದರು. ಅಪ್ಪ ಅದನ್ನು ಮುಟ್ಟಲಿಲ್ಲ. ಹೂವಿನವಳ ಹತ್ತಿರ ಬೇರೊಂದು ಕಾಯಿ ತೆಗೆದುಕೊಂಡರು, ಬಾವಿಯ ಹತ್ತಿರ ಎರಡು ಕೊಡ ನೀರು ತಲೆಗೆ ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಒಳಗೆ ಹೋದರು.

ಹಿಂದೆ ಬರುವಾಗ ಅವರ ಹಣೆಯಲ್ಲಿ ಗಂಧ, ಕೈಯಲ್ಲಿ ಬಾಳೆಲೆಯ ತುಂಡಿನಲ್ಲಿ ಪ್ರಸಾದ. ಉಮೇಶ ಕೈ ಚಾಚಿದ. ಅಪ್ಪ ಎಲೆಯನ್ನು ಅವನ ಕೈಗೆ ಎಟುಕದಷ್ಟು ಮೇಲೆ ಎತ್ತಿದರು. ಹರಕೆ ಅವನದೇ, ಪ್ರಸಾದ ಅವನಿಗಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

ಅಮ್ಮನಿಗೆ ಮಾತ್ರ ಎಲ್ಲ ತಿಳಿದುಹೋಗಿತ್ತು. ಬಹಳ ಮೆಲ್ಲಗೆ ಕೇಳಿದರು. "ಯಾರು?"

"ಎಂತ ಯಾರು?"

"ಮೀನು ಬೇಡ ಅಂದ್ರಿ. ನನ್ನ ಕೈಯ ಕಾಯಿ ಮುಟ್ಟಲಿಲ್ಲ. ನನಗೂ ಮಕ್ಕಳಿಗೂ ಒಳಗೆ ಹೋಗ್ಲಿಕ್ಕೆ ಆಗುವುದಿಲ್ಲ, ನಿಮಗೆ ಆಗ್ತದೆ. ನಮಗೆ ಸೂತಕ ಉಂಟು, ನಿಮಗೆ ಇಲ್ಲ. ನನ್ನ ಮನೆಯವರು ಯಾರು ಹೋದದ್ದು ಹೇಳಿ."

ಅಪ್ಪ ಎಲೆಯನ್ನು ನೋಡುತ್ತ ನಿಂತರು. "ನಿನ್ನ ಸೋದರಮಾವ."

"ಯಾವಾಗ?"

"ಮೊನ್ನೆ ಬೆಳಗಿನ ಜಾವ. ಪದ್ದು ಹೇಳಿದ."

"ಮೊನ್ನೆ. ಜಂಗಲ್‌ನ ಹತ್ತಿರ." ಅಮ್ಮ ಒಂದೊಂದೇ ಮಾತು ಆರಿಸುತ್ತಿದ್ದರು. "ಅವತ್ತೇ ಹೊರಟಿದ್ರೆ ಸಂಜೆಗೆ ಮುಟ್ಟುತ್ತಿದ್ದೆವು. ಸಂಜೆಯವರೆಗೆ ಸುಡದೆ ಇಟ್ಟಿದ್ರಾ?"

"ಇಡ್ತಾರೆ ಅಂತ ಹೇಳಿದ. ನೀನು ಬರ್ತೀ ಅಂತ."

ಅಮ್ಮ ಅಲ್ಲೇ ಅಂಗಳದ ಮರಳಿನ ಮೇಲೆ ಪಟ್ಟೆ ಸೀರೆಯಲ್ಲಿ ಕೂತುಬಿಟ್ಟರು. ಅಳಲಿಲ್ಲ. "ಯಾಕೆ ಹೇಳಲಿಲ್ಲ?"

"ವ್ಯಾನು ಜಂಗಲ್ ಹತ್ತಿತ್ತು ಲೀಲಾ. ಆಚೆ ದಡಕ್ಕೆ ಹೋಗಿ ಹೇಳುವ ಅಂತ ಇದ್ದೆ. ಆಚೆ ಹೋದ ಮೇಲೆ ಮಕ್ಕಳ ಊಟ ಆಗ್ಲಿ ಅಂತ. ಊಟ ಆದ ಮೇಲೆ ಹೊತ್ತು ಮೀರಿತ್ತು, ಇನ್ನು ಹೇಳಿ ಎಂತ ಅಂತ." ಅಪ್ಪನ ಕೂದಲಿನಿಂದ ನೀರು ಇಳಿಯುತ್ತಿತ್ತು. "ಹೇಳಿದ್ರೆ ನೀನು ಹೋಗ್ತಿ. ಹೋದ್ರೆ ಇನ್ನು ಬರುವುದಿಲ್ಲ. ಮಕ್ಕಳೂ ಬರುವುದಿಲ್ಲ. ಎರಡು ದಿನ ಒಟ್ಟಿಗೆ ಇರುವ ಅಂತ ಕಂಡಿತು ನನಗೆ. ಅಷ್ಟೇ."

ಅಮ್ಮ ಎದ್ದು ಸೀರೆ ಕೊಡವಿಕೊಂಡರು. "ಡೇರೆ ಬಿಚ್ಚಿ," ಎಂದರು.

ಬರುವಾಗ ಜಂಗಲ್‌ನ ಹಲಗೆಯ ಮೇಲೆ ಅಮ್ಮ ನನಗೆ ವಿವರಿಸಿದರು. ಅಜ್ಜ ನಮ್ಮ ಮನೆಯವರು, ಆದ್ದರಿಂದ ಅವರು ಸತ್ತರೆ ನಮಗೆ ಸೂತಕ. ಉತ್ತರಕ್ರಿಯೆಯ ಬೊಜ್ಜ ಮುಗಿದು ಶುದ್ಧವಾಗುವವರೆಗೆ ಮೀನಿಲ್ಲ, ದೇವಸ್ಥಾನವಿಲ್ಲ. ಅಪ್ಪ ಅವರ ತಾಯಿಯ ಮನೆಗೆ ಸೇರಿದವರು, ಅವರಿಗೆ ಇದು ತಾಗುವುದಿಲ್ಲ. ನಾನು ಕೇಳುತ್ತ ಹೋದ ಹಾಗೆ ಕಾಲ ಕೆಳಗಿನ ಎರಡು ದೋಣಿಗಳು ಬೇರೆ ಬೇರೆಯಾಗಿ ತೇಲುತ್ತಿವೆಯೋ ಎಂದು ಹೆದರಿಕೆಯಾಯಿತು. ಒಂದೇ ಡೇರೆಯಲ್ಲಿ ಮಲಗಿದವರು, ಒಂದೇ ಪಾತ್ರೆಯ ಗಂಜಿ ಉಂಡವರು. ಅವರಲ್ಲಿ ಮೂವರಿಗೆ ತಾಗುವುದು ಒಬ್ಬರಿಗೆ ತಾಗುವುದಿಲ್ಲ ಎಂದರೆ ಹೇಗೆ?

ಉಮೇಶ ನೇರವಾಗಿ ಅಪ್ಪನನ್ನೇ ಕೇಳಿದ. "ಹಾಗಾದ್ರೆ ನೀವು ನಮ್ಮ ಮನೆಯವರಲ್ವಾ?"

"ನಾನು ಡ್ರೈವರ್," ಎಂದರು ಅಪ್ಪ. ನಗುತ್ತಾರೆಂದು ಕಾದೆ. ನಗಲಿಲ್ಲ.

ಮೂಡುಬಿದಿರೆಗೆ ಬಂದಾಗ ಮಧ್ಯಾಹ್ನ ದಾಟಿತ್ತು. ನಮ್ಮ ಮನೆಯ ಎದುರು ವ್ಯಾನು ನಿಲ್ಲಲಿಲ್ಲ. ಮುಚ್ಚಿದ ಬಾಗಿಲು, ಜಗಲಿಯಲ್ಲಿ ಅಟ್ಟಿಯಿಟ್ಟ ಸೋಡಾ ಪೆಟ್ಟಿಗೆಗಳು, ಹಗ್ಗದ ಮೇಲೆ ಮರೆತು ಹೋಗಿದ್ದ ನನ್ನ ಲಂಗ, ಎಲ್ಲ ಕಿಟಕಿಯಲ್ಲಿ ಹಾದುಹೋದವು. ವೇಣೂರು ಕಳೆದು ಗುರುವಾಯನಕೆರೆಗೆ ಬಂದೆವು, ಅಲ್ಲಿಂದ ಮಣ್ಣಿನ ದಾರಿ. ಅಜ್ಜನ ಮನೆಯ ಬೇಲಿಯ ದಣಪೆಯ ಹತ್ತಿರ ಅಪ್ಪ ನಮ್ಮನ್ನೂ ನಮ್ಮ ಚಾಪೆ, ಪೆಟ್ಟಿಗೆಗಳನ್ನೂ ಇಳಿಸಿದರು. ಒಳಗಿನಿಂದ ಹೆಂಗಸರ ಅಳು ಕೇಳುತ್ತಿತ್ತು. ಅಮ್ಮ ಆಗ ಅತ್ತರು, ಅಷ್ಟೂ ದಾರಿಯದ್ದನ್ನು ಒಟ್ಟಿಗೆ. ನಾನು ತಿರುಗಿ ನೋಡುವಾಗ ವ್ಯಾನು ಗದ್ದೆಯ ತಿರುವಿನಲ್ಲಿ ಮರೆಯಾಗುತ್ತಿತ್ತು. ಎಂದಿನಷ್ಟು ಬಾಟ್ಲಿಗಳಿಲ್ಲದ್ದರಿಂದ ಅದು ಹೋಗುವ ಶಬ್ದವೂ ಕೇಳಿಸಲಿಲ್ಲ.

ಬೊಜ್ಜ ಕಳೆಯಿತು. ಮನೆತನದ ಬಂಟ್ವಾಳದ ಕವಲಿನಿಂದ ಬಂದಿದ್ದ ಶೀನ ಮಾವ, ಅಮ್ಮನಿಗೆ ದೊಡ್ಡಮ್ಮನ ಮಗ, ಗದ್ದೆಯ ಕೆಲಸ ನೋಡಿಕೊಳ್ಳಲು ಹೆಂಡತಿಯ ಜತೆ ಅಲ್ಲೇ ಉಳಿದರು. ದೈವದ ಕೋಣೆಯ ಬೀಗದ ಕೈ ಅಮ್ಮನ ಸೊಂಟಕ್ಕೆ ಬಂತು. ಜೂನಿನಲ್ಲಿ ನಾನು ಗುರುವಾಯನಕೆರೆಯ ಶಾಲೆಗೆ ಸೇರಿದೆ. ನಾವೆಲ್ಲಿ ಇರುವುದು ಎಂಬ ನನ್ನ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು. ಉಳಿದ ಅರ್ಧ ಶನಿವಾರ ಶನಿವಾರ ವ್ಯಾನಿನಲ್ಲಿ ಬರುತ್ತಿತ್ತು.

ಅಪ್ಪ ಬರುತ್ತಿದ್ದರು. ಬಂದು ಚಾವಡಿಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ನಾನು "ಅಪ್ಪ ಬಂದ್ರು!" ಎಂದು ಒಳಗೆ ಓಡಿದರೆ, ಶೀನ ಮಾವ ಹೊರಗೆ ಬಂದು, "ಓ, ಭಾವ! ಬನ್ನಿ, ಬನ್ನಿ, ಕೂತ್ಕೊಳ್ಳಿ," ಎಂದು ಉಪಚಾರ ಮಾಡುವರು. ಅತ್ತೆ ಹಿತ್ತಾಳೆಯ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ಕಳಿಸುವರು. ಮನೆಗೆ ಬಂದ ನೆಂಟರಿಗೆಲ್ಲ ಕೊಡುವ ಹಾಗೆ. ಅದನ್ನು ತಂದು ಅಪ್ಪನ ಎದುರು ಇಡುವ ಕೆಲಸ ನನ್ನದು. ಅಪ್ಪ ಒಂದು ಚೂರು ಬೆಲ್ಲ ಕಚ್ಚಿ, ನೀರು ಕುಡಿದು, "ಸಾಕು ಮಗಾ," ಎನ್ನುವರು. ಅಮ್ಮ ಬಾಗಿಲ ಮರೆಯಿಂದ, "ಊಟಕ್ಕೆ ಏಳಿ," ಎನ್ನುವರು. ಮಾತು ಅಷ್ಟೇ. ಮರುದಿನ ಬೆಳಿಗ್ಗೆ ವ್ಯಾನು ಹೋಗುವುದು. ಅಮ್ಮನಿಗೆ ಸಿಟ್ಟೋ, ದುಃಖವೋ, ಮರ್ಯಾದೆಯೋ, ನನಗೆ ಗೊತ್ತಾಗುತ್ತಿರಲಿಲ್ಲ. ಅಪ್ಪನ ಬಟ್ಟೆ ಒಗೆದು ಹಾಕುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಇನ್ನೆಷ್ಟು ಶನಿವಾರ ಅಪ್ಪ ಬಂದಾರು ಎಂದು ನಾನು ಯೋಚಿಸಿ ಹೆದರುತ್ತಿದ್ದೆ.

ನಾಲ್ಕನೆಯದೋ ಐದನೆಯದೋ ಶನಿವಾರ. ಮಳೆ ಬಿಟ್ಟು ಇಳಿಬಿಸಿಲು ಬಂದಿತ್ತು. ನಾನು ತಟ್ಟೆ ಹಿಡಿದು ಚಾವಡಿಗೆ ಹೋಗುತ್ತಿದ್ದೆ. ಅಮ್ಮ ಎದುರಾದರು.

"ಅದು ಯಾರಿಗೆ?"

"ಅಪ್ಪನಿಗೆ."

"ಬೆಲ್ಲ ನೀರು ಕೊಡುವುದು ನೆಂಟರಿಗೆ," ಎಂದು ತಟ್ಟೆಯನ್ನೂ ಚೆಂಬನ್ನೂ ನನ್ನ ಕೈಯಿಂದ ತೆಗೆದುಕೊಂಡುಬಿಟ್ಟರು. ಇನ್ನು ಅದೂ ಇಲ್ಲವೇ ಎಂದು ನನಗೆ ಅಳು ಬಂತು.

ಅಮ್ಮ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಚಾವಡಿಗೇ ಬಂದರು. ಕಂಬದ ಕಡೆ ಮುಖ ಮಾಡಿಕೊಂಡು ಹೇಳಿದರು. "ಕೆಂಪಿ ದನ ಗುಡ್ಡೆಯಿಂದ ಇನ್ನೂ ಬರ್ಲಿಲ್ಲ. ಹೋಗಿ ತಂದು ಹಟ್ಟಿಯಲ್ಲಿ ಕಟ್ಟಿ."

ಅಪ್ಪ ಹಿಂದೆ ತಿರುಗಿ ನೋಡಿದರು, ಬೇರೆ ಯಾರಿಗಾದರೂ ಹೇಳಿದ್ದೋ ಎಂದು. ಹಿಂದೆ ಗೋಡೆ ಇತ್ತು.

"ಛೆ, ಛೆ! ಎಂತ ಮಾತು ಲೀಲಾ!" ಶೀನ ಮಾವ ಗಾಬರಿಯಿಂದ ಎದ್ದರು. "ಭಾವನಿಗೆ ದನ ಕಟ್ಟುವ ಕೆಲಸವಾ? ನಾನು ಹೋಗ್ತೇನೆ."

"ನೀನು ಕೂತ್ಕೋ ಶೀನಣ್ಣ. ಮನೆಯಲ್ಲಿ ಇರುವವರು ದನ ಕಟ್ಟದಿದ್ರೆ ಮತ್ತೆ ಯಾರು ಕಟ್ಟುವುದು?"

ಅದು ಕ್ಷಮೆಯೋ, ಶಿಕ್ಷೆಯೋ, ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಅಪ್ಪನಿಗೂ ಗೊತ್ತಾದಂತೆ ಕಾಣಲಿಲ್ಲ. ಎದ್ದು, ಇಸ್ತ್ರಿ ಹಾಕಿದ ಅಂಗಿ ಬಿಚ್ಚಿ, ಅಲ್ಲಿ ಶೀನ ಮಾವನ ಅಂಗಿ ನೇತಾಡುತ್ತಿದ್ದ ಮೊಳೆಗೇ ತಗಲಿಸಿ, ಅಂಗಳಕ್ಕೆ ಇಳಿದರು. ಅಂಗಳದ ತುದಿಯಲ್ಲಿ ನಿಂತುಬಿಟ್ಟರು. ಮಿಲಿಟರಿಯ ಲಾರಿ ಓಡಿಸಿದವರಿಗೆ ಗುಡ್ಡೆಯ ದಾರಿ ಎಡಕ್ಕೋ ಬಲಕ್ಕೋ ತಿಳಿದಿರಲಿಲ್ಲ.

"ಸರೋಜಾ," ಎಂದು ಸಣ್ಣ ಸ್ವರದಲ್ಲಿ ಕರೆದರು. "ಕೆಂಪಿ ಅಂದ್ರೆ ಯಾವುದು ಮಾರಾಯ್ತಿ?"

"ಕೆಂಪಗೆ ಇರುವುದು ಅಪ್ಪ."

ಗುಡ್ಡೆಯ ಮೇಲೆ ಅವತ್ತು ಮೇಯುತ್ತಿದ್ದ ಐದು ದನಗಳೂ ಕೆಂಪಗೇ ಇದ್ದವು. ಅಪ್ಪ ಐದನ್ನೂ ಹೊಡೆದುಕೊಂಡು ಬಂದರು. ಎರಡು ಪಕ್ಕದ ಮನೆಯವು.